ಗರ್ಭರಕ್ಷೆಯೂ ಅಣುವ್ರತವೇ

ಜಿನೇಂದ್ರ ಭಗವಂತರ ಪಂಚಕಲ್ಯಾಣಗಳಲ್ಲಿ ಮೊದಲನೆಯದು ಗರ್ಭಕಲ್ಯಾಣ. ಜನ್ಮ, ದೀಕ್ಷೆ, ಕೇವಲಜ್ಞಾನ, ನಿರ್ವಾಣಗಳೆಲ್ಲ ಅದರ ಅನಂತರ ಬರತಕ್ಕವು. ಇನ್ನೂ ರೂಪುಗೊಳ್ಳದ, ಯಾರ ಕಣ್ಣಿಗೂ ಬೀಳದ ಜೀವವೊಂದು ತಾಯಿಯ ಉದರವನ್ನು ಸೇರಿದ ದಿನವನ್ನೇ ಮಂಗಲವೆಂದೆಣಿಸಿದ ಪರಂಪರೆ ನಮ್ಮದು. ತೀರ್ಥಂಕರರ ಮಾತೆಯು ಹದಿನಾರು ಸ್ವಪ್ನಗಳನ್ನು ಕಂಡ ಕಥೆಯನ್ನು ಶ್ರಾವಕರ ಮನೆಯ ಮಕ್ಕಳೂ ಬಲ್ಲರು. ಆದರೆ ಅದರೊಡನೆಯೇ ಬರುವ ಇನ್ನೊಂದು ಸಂಗತಿಯ ಕಡೆಗೆ ಲಕ್ಷ್ಯ ಹರಿಯುವುದು ಕಡಮೆ. ಶ್ರೀ, ಹ್ರೀ, ಧೃತಿ, ಕೀರ್ತಿ, ಬುದ್ಧಿ, ಲಕ್ಷ್ಮಿ ಎಂಬ ದೇವಿಯರು ಇಂದ್ರನ ಆಜ್ಞೆಯಂತೆ ಬಂದು, ಪವಿತ್ರ ದ್ರವ್ಯಗಳಿಂದ ಮಾತೆಯ ಗರ್ಭವನ್ನು ಶೋಧಿಸಿದರೆಂದು ಪುರಾಣವು ಹೇಳುತ್ತದೆ. ಇದರ ತಾತ್ಪರ್ಯವನ್ನು ಗೃಹಸ್ಥನು ವಿಚಾರಿಸಬೇಕು. ಜೀವವು ಬಂದಿಳಿಯುವ ನೆಲೆಯನ್ನು ಮೊದಲೇ ಶುದ್ಧಿಗೊಳಿಸಬೇಕು ಎಂಬುದು ಒಂದು. ಆ ಕೆಲಸವು ತಾಯಿಯೊಬ್ಬಳದಲ್ಲ, ಅವಳ ಸುತ್ತ ನಿಂತವರದು ಎಂಬುದು ಇನ್ನೊಂದು.

ಹಂಪಿಯ ಯಾತ್ರೆಗೆ ಹೋದವರು ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಗಾಣಗಿತ್ತಿ ಬಸದಿಯನ್ನು ಕಂಡಿರುತ್ತಾರೆ. ಎರಡನೆಯ ಹರಿಹರರಾಯನ ದಂಡನಾಯಕನಾದ ಇರುಗಪ್ಪನು 1385ರಲ್ಲಿ ಕಟ್ಟಿಸಿದ ಈ ಚೈತ್ಯಾಲಯವು ಹದಿನೇಳನೆಯ ತೀರ್ಥಂಕರರಾದ ಕುಂಥುನಾಥರಿಗೆ ಮೀಸಲಾದುದು. ಬಸದಿಯ ಮುಂದಿನ ಎತ್ತರವಾದ ಸ್ತಂಭದ ಮೇಲಿನ ಶಾಸನವೇ ಇದಕ್ಕೆ ಸಾಕ್ಷಿ. ಕುಂಥುನಾಥರು ಚಕ್ರವರ್ತಿಯೂ ಆಗಿದ್ದವರು, ತೀರ್ಥಂಕರರೂ ಆದವರು. ಆದರೆ 'ಕುಂಥು' ಎಂಬ ಶಬ್ದಕ್ಕೆ ಆಗಮದಲ್ಲಿ ಅತಿ ಸಣ್ಣ ಕೀಟ, ಮೂರಿಂದ್ರಿಯದ ಸೂಕ್ಷ್ಮ ಜೀವಿ ಎಂಬ ಅರ್ಥವಿದೆ. ಆರು ಖಂಡಗಳನ್ನಾಳಿದ ಪ್ರಭುವಿನ ಹೆಸರಿನಲ್ಲಿಯೇ ಕಣ್ಣಿಗೆ ಕಾಣಲಾರದಷ್ಟು ಸಣ್ಣ ಪ್ರಾಣಿಯ ನೆನಪು ಸೇರಿಕೊಂಡಿದೆ. ಅಷ್ಟು ಸಣ್ಣದನ್ನು ಕಾಯಬೇಕೆಂದು ಕಲಿಸಿದ ಧರ್ಮದ ಅನುಯಾಯಿಗಳು ತಮ್ಮ ಮನೆಯ ಗರ್ಭದಲ್ಲಿರುವ ಅಂಗುಲ ಪ್ರಮಾಣದ ಜೀವಕ್ಕೆ ಇಂದು ಎಷ್ಟು ರಕ್ಷೆಯನ್ನು ಕೊಡುತ್ತಿದ್ದಾರೆ ಎಂಬುದೇ ಇಲ್ಲಿಯ ವಿಚಾರ.

ಭಗವಜ್ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಐವತ್ತಮೂರು ಗರ್ಭಾನ್ವಯ ಕ್ರಿಯೆಗಳನ್ನು ಹೇಳಿದ್ದಾರೆ. ಆಧಾನವಾದ ಮೇಲೆ ಮೂರನೆಯ ತಿಂಗಳಲ್ಲಿ ಪ್ರೀತಿ, ಐದನೆಯದರಲ್ಲಿ ಸುಪ್ರೀತಿ, ಏಳನೆಯದರಲ್ಲಿ ಧೃತಿ, ಒಂಬತ್ತನೆಯದರಲ್ಲಿ ಮೋದ. ಶಿಶುವು ಲೋಕದ ಬೆಳಕನ್ನು ಕಾಣುವ ಮೊದಲೇ ನಾಲ್ಕು ಸಲ ಮನೆಯವರೆಲ್ಲರೂ ಕೂಡಿ ಅದರ ಕಡೆಗೆ ಮನಸ್ಸನ್ನು ತಿರುಗಿಸಬೇಕೆಂಬ ವಿಧಿ ಇದು. ಇಂದು ಈ ಕ್ರಿಯೆಗಳಲ್ಲಿ ಹಲವು ಮರೆತುಹೋಗಿ, ಉಳಿದುದು ಸೀರೆ, ಬಳೆ, ಊಟಗಳ ಸಂಭ್ರಮವಾಗಿ ಮಾರ್ಪಟ್ಟಿದೆ. ಸಂಭ್ರಮವು ತಪ್ಪಲ್ಲ. ಆದರೆ ವಿಧಿಯ ಜೀವಾಳವು ಎಚ್ಚರ. ಅದು ಹೋದ ಮೇಲೆ ಉಳಿಯುವುದು ಹೊರಗಿನ ಆಚಾರ ಮಾತ್ರ.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅದು ಕಂಪ್ಲಿಯ ಕಡೆಯದಿರಲಿ. ತುಂಗಭದ್ರೆಯ ಕಾಲುವೆಯ ನೀರುಂಡ ಭತ್ತದ ಗದ್ದೆಯುಳ್ಳ ಶ್ರಾವಕರ ಮನೆ. ಭಾದ್ರಪದ ಶುಕ್ಲ ಪಂಚಮಿ ಬಂದಿದೆ. ದಶಲಕ್ಷಣ ಪರ್ವವು ಮೊದಲಾಗಿದೆ. ಸೊಸೆಗೆ ಮೂರನೆಯ ತಿಂಗಳು. ಅವಳು ನೀರನ್ನು ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿಯೇ ಬಳಸುತ್ತಾಳೆ. ಕಂದಮೂಲಗಳು ಆ ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಸೂರ್ಯಾಸ್ತದ ಮೊದಲೇ ಒಲೆ ಆರುತ್ತದೆ. ಕಳೆದ ವರ್ಷ ಹತ್ತು ದಿನ ಉಪವಾಸ ಮಾಡಿದ್ದ ಅವಳಿಗೆ ಈ ವರ್ಷವೂ ಮಾಡಬೇಕೆಂಬ ಆಸೆ. ಅದೇ ದಿನ ಸಂಜೆ ಗಂಡನು ಗದ್ದೆಗೆ ಕೀಟನಾಶಕವನ್ನು ಸಿಂಪಡಿಸಿ ಮನೆಗೆ ಬರುತ್ತಾನೆ. ತೊಯ್ದ ಬಟ್ಟೆಯನ್ನು ಒಗೆಯಲು ಹಾಕುತ್ತಾನೆ, ಒಗೆಯುವವಳು ಸೊಸೆಯೇ. ಖಾಲಿಯಾದ ವಿಷದ ಡಬ್ಬಿಯು ತೊಳೆಸಿಕೊಂಡು ಹಿತ್ತಿಲಲ್ಲಿ ನೀರು ತುಂಬುವ ಪಾತ್ರೆಯಾಗುತ್ತದೆ. ಆ ಮನೆಯಲ್ಲಿ ಯಾರೂ ದುಷ್ಟರಲ್ಲ, ಎಲ್ಲರೂ ವ್ರತಿಗಳೇ. ಆದರೆ ಸೋಸುವ ಬಟ್ಟೆಯು ನೀರಿನಲ್ಲಿರುವ ತ್ರಸಜೀವಿಯನ್ನು ತಡೆದೀತೇ ಹೊರತು ಕರಗಿದ ವಿಷವನ್ನು ತಡೆಯಲಾರದು. ಅದನ್ನು ತಡೆಯಲು ಬೇರೆ ವ್ರತವೇ ಬೇಕು.

ಗರ್ಭಸ್ಥ ಶಿಶುವಿಗೆ ಇದರಿಂದ ಆಗುವುದೇನು ಎಂಬುದನ್ನು ಆಧುನಿಕ ವಿಜ್ಞಾನವು ಸ್ವಲ್ಪ ಸ್ವಲ್ಪವಾಗಿ ತಿಳಿಸುತ್ತಾ ಬಂದಿದೆ. ಮನುಷ್ಯನ ದೇಹದಲ್ಲಿ ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣ ಮೊದಲಾದ ನಿರ್ನಾಳ ಗ್ರಂಥಿಗಳಿವೆ. ಇವು ಅತ್ಯಲ್ಪ ಪ್ರಮಾಣದಲ್ಲಿ ಸ್ರವಿಸುವ ಹಾರ್ಮೋನುಗಳು ರಕ್ತದಲ್ಲಿ ಹರಿದು, ಯಾವ ಅಂಗವು ಯಾವಾಗ ಹೇಗೆ ಬೆಳೆಯಬೇಕೆಂಬ ಆಜ್ಞೆಯನ್ನು ಮುಟ್ಟಿಸುತ್ತವೆ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮಿದುಳು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಗಂಡು ಶಿಶುವಿನ ಜನನಾಂಗಗಳ ರಚನೆಯು ಸುಮಾರು ಎಂಟನೆಯ ವಾರದಿಂದ ಹದಿನಾಲ್ಕನೆಯ ವಾರದೊಳಗೆ ನಿರ್ಧಾರವಾಗುತ್ತದೆ. ಈ ಕಾಲದಲ್ಲಿ ಹಾರ್ಮೋನಿನ ವೇಷವನ್ನು ಧರಿಸಿದ ಅಥವಾ ಹಾರ್ಮೋನಿನ ದಾರಿಯನ್ನು ಅಡ್ಡಗಟ್ಟುವ ರಾಸಾಯನಿಕವು ಒಳಸೇರಿದರೆ ಆಜ್ಞೆಯು ತಪ್ಪಿ ಮುಟ್ಟುತ್ತದೆ. ಕೆಲವು ಕೀಟನಾಶಕಗಳು, ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸುವ ಥ್ಯಾಲೇಟುಗಳು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿಯೂ ಅಂಗಡಿಯ ಯಂತ್ರದಿಂದ ಬರುವ ರಸೀದಿ ಕಾಗದದಲ್ಲಿಯೂ ಇರುವ ಬಿಸ್ಫೆನಾಲ್ ಇವೆಲ್ಲ ಈ ವರ್ಗಕ್ಕೆ ಸೇರಿದವು. ಇಂಥವುಗಳಿಗೆ 'ಅಂತಃಸ್ರಾವ ವಿಘಾತಕ'ಗಳೆಂಬ ಸಾಮಾನ್ಯ ನಾಮವು 1991ರಲ್ಲಿ ಅಮೆರಿಕದಲ್ಲಿ ಥಿಯೋ ಕೋಲ್‌ಬಾರ್ನ್ ಎಂಬ ವಿದುಷಿಯು ಕರೆದ ವಿದ್ವಾಂಸರ ಸಭೆಯಲ್ಲಿ ರೂಢಿಗೆ ಬಂದಿತು.

ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಲೋಕಕ್ಕೆ ಒಂದು ಎಚ್ಚರಿಕೆ ದೊರೆತಿತ್ತು. 1938ರಲ್ಲಿ ತಯಾರಾದ ಡೈಎಥಿಲ್‌ಸ್ಟಿಲ್ಬೆಸ್ಟ್ರಾಲ್ ಎಂಬ ಕೃತಕ ಹಾರ್ಮೋನನ್ನು ಗರ್ಭಪಾತವನ್ನು ತಡೆಯುವುದೆಂದು ನಂಬಿ ಬಸುರಿಯರಿಗೆ ಕೊಡುತ್ತಿದ್ದರು. 1971ರಲ್ಲಿ ಬಾಸ್ಟನ್ ನಗರದ ವೈದ್ಯರು ತರುಣಿಯರಲ್ಲಿ ಅತಿ ವಿರಳವಾದ ಒಂದು ಕ್ಯಾನ್ಸರನ್ನು ಕಂಡು, ಅವರ ತಾಯಂದಿರು ಗರ್ಭಕಾಲದಲ್ಲಿ ಆ ಗುಳಿಗೆಯನ್ನು ಸೇವಿಸಿದ್ದರೆಂಬುದನ್ನು ಗುರುತಿಸಿದರು. ಗುಳಿಗೆಯನ್ನು ನುಂಗಿದವಳು ತಾಯಿ. ರೋಗ ಕಾಣಿಸಿಕೊಂಡದ್ದು ಮಗಳಿಗೆ, ಅದೂ ಹದಿನೈದು ಇಪ್ಪತ್ತು ವರ್ಷಗಳು ಕಳೆದ ಮೇಲೆ. ಬಿತ್ತಿದ ಕೈಗೂ ಫಲಕ್ಕೂ ನಡುವೆ ಇಷ್ಟು ಅಂತರವಿರುವುದರಿಂದಲೇ ಈ ದೋಷವು ಕಣ್ಣಿಗೆ ಬೀಳುವುದು ಕಷ್ಟ.

ಇಷ್ಟು ದೀರ್ಘಕಾಲದವರೆಗೆ ದೇಹವು ಒಂದು ಆಘಾತವನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಇದಕ್ಕೆ ಒಂದು ಉತ್ತರವನ್ನು ಎಪಿಜೆನೆಟಿಕ್ಸ್ ಎಂಬ ಶಾಸ್ತ್ರವು ಕೊಡುತ್ತದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳು ಓಲೆಗರಿಯ ಕಟ್ಟುಗಳಲ್ಲಿ ಶತಮಾನಗಳ ಕಾಲ ಉಳಿದು ಬಂದವು. ಗರಿಯ ಮೇಲೆ ಅಕ್ಷರವಿದ್ದರೆ ಮಾತ್ರ ಸಾಲದು. ಕಟ್ಟು ಬಿಚ್ಚಿದಾಗಲೇ ಓದು. ವಂಶವಾಹಿಯೂ ಹಾಗೆಯೇ. ತಂದೆತಾಯಿಗಳಿಂದ ಬಂದ ಅಕ್ಷರಗಳು ಬದಲಾಗದಿದ್ದರೂ, ಅವುಗಳ ಮೇಲೆ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕುಳಿತು, ಯಾವ ಭಾಗವನ್ನು ಓದಬೇಕು, ಯಾವುದನ್ನು ಕಟ್ಟಿಡಬೇಕು ಎಂಬುದನ್ನು ನಿರ್ಣಯಿಸುತ್ತವೆ. ಈ ಗುರುತುಗಳಲ್ಲಿ ಬಹುಭಾಗವು ಗರ್ಭದ ಆರಂಭದಲ್ಲಿ ಅಳಿಸಿ ಹೊಸದಾಗಿ ಬರೆಯಲ್ಪಡುತ್ತವೆ. ಆ ಬರವಣಿಗೆಯ ಹೊತ್ತಿನಲ್ಲಿ ತಾಯಿ ಉಂಡದ್ದು, ಕುಡಿದದ್ದು, ಉಸಿರಾಡಿದ್ದು ಎಲ್ಲವೂ ಲೇಖನಿಯ ಮೇಲೆ ಕೈಯಿಡಬಲ್ಲವು.

2007ರಲ್ಲಿ ಅಮೆರಿಕದ ಸಂಶೋಧಕರು ಬಸುರಿ ಇಲಿಗಳ ಆಹಾರದಲ್ಲಿ ಬಿಸ್ಫೆನಾಲನ್ನು ಬೆರೆಸಿದಾಗ, ಮರಿಗಳಲ್ಲಿ ಒಂದು ವಂಶವಾಹಿಯ ಮೀಥೈಲ್ ಗುರುತುಗಳು ಕಡಮೆಯಾಗಿ, ಕಂದು ಬಣ್ಣದ ಬದಲು ಹಳದಿ ಬಣ್ಣದ ಮರಿಗಳು ಹೆಚ್ಚಿದುವು. ಅದೇ ತಾಯಿಲಿಗಳಿಗೆ ಫೋಲಿಕ್ ಆಮ್ಲ ಮೊದಲಾದ ಪೋಷಕಗಳನ್ನೋ ಸೋಯಾದಲ್ಲಿರುವ ಒಂದು ಸತ್ವವನ್ನೋ ಕೊಟ್ಟಾಗ ಆ ದೋಷವು ಕಾಣಲಿಲ್ಲ. 2005ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ವಿಂಕ್ಲೋಜೊಲಿನ್ ಎಂಬ ಶಿಲೀಂಧ್ರನಾಶಕವನ್ನು ಹೆಚ್ಚು ಪ್ರಮಾಣದಲ್ಲಿ ಬಸುರಿ ಹೆಗ್ಗಣಗಳಿಗೆ ಕೊಟ್ಟಾಗ ಅದರ ದುಷ್ಫಲವು ಗಂಡು ಸಂತತಿಯ ನಾಲ್ಕನೆಯ ತಲೆಮಾರಿನವರೆಗೂ ಹರಿಯಿತು. ಜೀವಿಗಳ ಮೇಲೆ ಇಂಥ ಪ್ರಯೋಗವನ್ನು ನಡೆಸುವುದನ್ನು ಅಹಿಂಸಾಧರ್ಮವು ಒಪ್ಪಲಾರದು. ಆದರೆ ಅವು ತೆತ್ತ ಬೆಲೆಯಿಂದ ತಿಳಿದುಬಂದ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದು ಇನ್ನೊಂದು ನಿರ್ದಯೆಯಾದೀತು. ಮನುಷ್ಯರಲ್ಲಿಯೂ ತಾಯಿಯ ದೇಹದ ಈ ರಾಸಾಯನಿಕಗಳಿಗೂ ನವಜಾತ ಶಿಶುವಿನ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಣುವ ಗುರುತುಗಳ ವ್ಯತ್ಯಾಸಕ್ಕೂ ಸಂಬಂಧವು ಹಲವು ಅಧ್ಯಯನಗಳಲ್ಲಿ ಕಂಡಿದೆ; ಎಲ್ಲವುಗಳ ಫಲವೂ ಒಂದೇ ತೆರನಲ್ಲ. ವಿಜ್ಞಾನಿಯೂ ಇಲ್ಲಿ 'ಸ್ಯಾತ್' ಎಂಬ ಪದವನ್ನು ಸೇರಿಸಿಯೇ ಮಾತನಾಡುತ್ತಾನೆ. ಆದರೆ ಹುತ್ತದಲ್ಲಿ ಹಾವಿರಬಹುದೆಂದು ತಿಳಿದ ಮೇಲೆ, ಇದೆಯೆಂದು ಸಿದ್ಧವಾಗುವ ತನಕ ಕೈ ಹಾಕುತ್ತೇನೆ ಎನ್ನುವವನು ವಿವೇಕಿಯಲ್ಲ.

ಇದೆಲ್ಲ ದೂರದೇಶದ ಮಾತೆಂದು ತಳ್ಳಿಹಾಕುವಂತಿಲ್ಲ. ಕನ್ನಡ ನುಡಿಯುವ ನೆಲದಲ್ಲಿಯೇ ಇದರ ಕಠೋರ ಪಾಠವು ನಡೆದುಹೋಗಿದೆ. ಕಾಸರಗೋಡಿನ ಗುಡ್ಡಗಳಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಚಿಗುರನ್ನು ಹೀರುವ ಒಂದು ಸಣ್ಣ ಕೀಟವನ್ನು ಕೊಲ್ಲುವುದಕ್ಕಾಗಿ, 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷವನ್ನು ಸುರಿಯಲಾಯಿತು. ತೋಟಗಳ ಕೆಳಗಿನ ಕಣಿವೆಗಳಲ್ಲಿ ಜನವಸತಿ. ಗುಡ್ಡವನ್ನು ಅಡ್ಡ ಕೊರೆದ ಸುರಂಗಗಳಿಂದ ಒಸರುವ ನೀರೇ ಅವರ ಕುಡಿಯುವ ನೀರು. ಪಡ್ರೆ, ಸ್ವರ್ಗ ಮೊದಲಾದ ಊರುಗಳಲ್ಲಿ ಅಂಗವಿಕಲ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಗರ್ಭಸ್ರಾವಗಳು ಹೆಚ್ಚಿದುವು. ಕೃಷಿಕರೂ ಪತ್ರಕರ್ತರೂ ಆದ ಶ್ರೀಪಡ್ರೆಯವರೂ, ಆ ಊರಿನಲ್ಲಿಯೇ ವೈದ್ಯವೃತ್ತಿ ನಡೆಸುತ್ತಿದ್ದ ಡಾಕ್ಟರ್ ವೈ. ಎಸ್. ಮೋಹನಕುಮಾರರೂ ಇದರ ಕಡೆಗೆ ಲೋಕದ ಗಮನವನ್ನು ಸೆಳೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಶಾಲಾ ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಡನೆ ಹೋಲಿಸಿ ಪರೀಕ್ಷಿಸಿದರು. ಆ ವಿಷಕ್ಕೆ ಈಡಾದ ಹುಡುಗರಲ್ಲಿ ಪ್ರಾಯದ ಲಕ್ಷಣಗಳು ತಡವಾಗಿ ಬರುವುದೂ ಹಾರ್ಮೋನಿನ ಉತ್ಪತ್ತಿಗೆ ಅಡ್ಡಿಯಾಗುವುದೂ ಸಂಭವನೀಯವೆಂದು 2003ರಲ್ಲಿ ಪ್ರಕಟವಾದ ಅವರ ಲೇಖನವು ತಿಳಿಸಿತು. ಆ ಬಾಲಕರ ವಯಸ್ಸು ಹತ್ತರಿಂದ ಹತ್ತೊಂಬತ್ತು. ಅಂದರೆ ಅವರು ತಾಯಂದಿರ ಗರ್ಭದಲ್ಲಿದ್ದುದೇ ಸಿಂಪಡಣೆಯ ವರ್ಷಗಳಲ್ಲಿ.

ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಸುತ್ತಲೂ ಗೇರುತೋಟಗಳ ನೆರೆಯಲ್ಲಿ ಇದೇ ದುಃಖವು ಕಂಡಿತು. ಕರ್ನಾಟಕ ಸರ್ಕಾರವು 2011ರ ಫೆಬ್ರವರಿಯಲ್ಲಿ ಈ ವಿಷವನ್ನು ನಿಷೇಧಿಸಿತು; ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಇದನ್ನು ಲೋಕದಿಂದಲೇ ನೀಗಬೇಕಾದ ವಸ್ತುಗಳ ಪಟ್ಟಿಗೆ ಸೇರಿಸಿದುವು; ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ, ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಅದೇ ನ್ಯಾಯಾಲಯವು ಆಜ್ಞೆಯಿತ್ತಿತು. ಹಣವು ಬರಬಹುದು, ಗರ್ಭದಲ್ಲಿ ತಪ್ಪಿದ ಆ ಒಂದು ತಿಂಗಳು ಮರಳಿ ಬಾರದು.

ಇಲ್ಲಿ ಶ್ರಾವಕರ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪ್ರತಿಯೊಂದು ಜೀವವೂ ತನ್ನ ಕರ್ಮದ ಫಲವನ್ನೇ ಉಣ್ಣುತ್ತದೆಯೆಂದು ಸಿದ್ಧಾಂತವು ಹೇಳುತ್ತಿರುವಾಗ, ವಿಕಲವಾಗಿ ಹುಟ್ಟಿದ ಶಿಶುವಿನ ಸ್ಥಿತಿಗೆ ಇನ್ನೊಬ್ಬರನ್ನು ಹೊಣೆಮಾಡುವುದು ಸರಿಯೇ? ಕಾಸರಗೋಡಿನಲ್ಲಿಯೂ ಮೊದಮೊದಲು ಕೆಲವರು ಇದನ್ನು ದೈವದ ಮುನಿಸೆಂದು ಭಾವಿಸಿ ಸುಮ್ಮನಾಗಿದ್ದರು. ನಮ್ಮವರಲ್ಲಿಯೂ ಇಂಥ ಮಗುವನ್ನು ಕಂಡಾಗ, 'ಅದರ ಕರ್ಮ' ಎಂದೋ, 'ತಾಯಿಯ ಪಾಪ' ಎಂದೋ ಹೇಳಿ ಮುಗಿಸುವ ವಾಡಿಕೆಯುಂಟು. ಇದು ಕರ್ಮಸಿದ್ಧಾಂತದ ಅರೆಬರೆ ಓದು. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದೇ ಉದಯಕ್ಕೆ ಬರುತ್ತದೆಯೆಂದು ಆಚಾರ್ಯರು ವಿಸ್ತಾರವಾಗಿ ಹೇಳಿದ್ದಾರೆ. ಉಪಾದಾನವು ಜೀವದ್ದಾದರೂ ನಿಮಿತ್ತನಾದವನು ತನ್ನ ಪ್ರಮಾದಕ್ಕೆ ತಾನೇ ಬಂಧವನ್ನು ಕಟ್ಟಿಕೊಳ್ಳುತ್ತಾನೆ. ಹಾಗಲ್ಲವಾದರೆ, ಕತ್ತಿಯೆತ್ತಿ ಕೊಂದವನೂ 'ಸತ್ತವನ ಕರ್ಮ' ಎಂದು ಕೈ ತೊಳೆದುಕೊಳ್ಳಬಹುದಿತ್ತು. ಅಹಿಂಸಾವ್ರತಕ್ಕೆ ಅರ್ಥವೇ ಇರುತ್ತಿರಲಿಲ್ಲ. ತತ್ತ್ವಾರ್ಥಸೂತ್ರಕಾರರು ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನೇ ಮೊದಲಿಗೆ ಇಟ್ಟಿರುವುದು ಇದಕ್ಕಾಗಿಯೇ. ಆದುದರಿಂದ ಅಂಥ ಮಗುವಿನ ಮುಂದೆ, ಅಂಥ ತಾಯಿಯ ಮುಂದೆ, ಕರ್ಮದ ಮಾತನ್ನೆತ್ತುವುದು ಶ್ರಾವಕನಿಗೆ ತಕ್ಕುದಲ್ಲ. ಅವನು ಕೇಳಿಕೊಳ್ಳಬೇಕಾದುದು ಒಂದೇ: ಈ ಜೀವದ ದುಃಖಕ್ಕೆ ನಿಮಿತ್ತನಾಗದಂತೆ ತಾನು ನಡೆದುಕೊಂಡೆನೇ?

ನಡೆದುಕೊಳ್ಳುವ ಬಗೆಯು ಶ್ರಾವಕಾಚಾರದಲ್ಲಿ ಆಗಲೇ ಇದೆ. ಪ್ರಾಚೀನ ಆಚಾರ್ಯರು ಎಂಡೋಸಲ್ಫಾನನ್ನಾಗಲಿ ಪ್ಲಾಸ್ಟಿಕ್ಕನ್ನಾಗಲಿ ಕಂಡವರಲ್ಲ. ಎಲ್ಲವೂ ನಮ್ಮ ಶಾಸ್ತ್ರದಲ್ಲಿ ಮೊದಲೇ ಇತ್ತೆಂದು ಹೆಮ್ಮೆಪಡುವುದು ಸತ್ಯವ್ರತಕ್ಕೆ ಭಂಗ. ಆದರೆ ಮನುಷ್ಯನು ಎಲ್ಲಿ ಜಾರುತ್ತಾನೆಂಬುದನ್ನು ಅವರು ಬಲ್ಲವರಾಗಿದ್ದರು. ಅನರ್ಥದಂಡವ್ರತವನ್ನು ಹೇಳುವಾಗ ಸಮಂತಭದ್ರಾಚಾರ್ಯರೂ ಪೂಜ್ಯಪಾದರೂ ಹಿಂಸಾದಾನವನ್ನು ಹೆಸರಿಸಿದ್ದಾರೆ. ಆಯುಧ, ಬೆಂಕಿ, ಸಂಕಲೆಗಳಂಥ ಹಿಂಸೋಪಕರಣಗಳನ್ನು ಪರರಿಗೆ ಒದಗಿಸುವುದು ಅದು. ಆ ಪಟ್ಟಿಯಲ್ಲಿ ವಿಷವೂ ಇದೆ. ಬೇಡದ ಸಲಹೆಯಿಂದ ಪಾಪವನ್ನು ಹಬ್ಬಿಸುವ ಪಾಪೋಪದೇಶ, ಎಚ್ಚರಗೇಡಿತನದ ಪ್ರಮಾದಚರ್ಯೆ ಇವೂ ಅನರ್ಥದಂಡಗಳೇ. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಬರುವ ಖರಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದು.

ಬೇಸಾಯಗಾರನು ಹೇಳಬಹುದು: ಗೃಹಸ್ಥನಿಗೆ ಸಂಕಲ್ಪೀ ಹಿಂಸೆಯ ತ್ಯಾಗ ಮಾತ್ರ ವಿಹಿತ, ಉದ್ಯೋಗೀ ಹಿಂಸೆಯು ಅನಿವಾರ್ಯವಲ್ಲವೆ, ಎಂದು. ಮಾತು ಸರಿಯೇ. ಬೆಳೆಯನ್ನು ಕಳೆದುಕೊಂಡು ಸಾಲಗಾರನಾಗು ಎಂದು ಧರ್ಮವು ಯಾರಿಗೂ ಹೇಳುವುದಿಲ್ಲ. ಆದರೆ ಕೀಟವು ಬರುವ ಮೊದಲೇ ವಾರದ ಲೆಕ್ಕದಲ್ಲಿ ಹೊಡೆಯುವುದು, ಒಂದು ಪಾಲು ಸಾಕಾದಲ್ಲಿ ಎರಡು ಪಾಲು ಬೆರೆಸುವುದು, ಕಾಲುವೆಯ ನೀರಿನಲ್ಲಿ ಸಿಂಪಡಣೆಯ ಯಂತ್ರವನ್ನು ತೊಳೆಯುವುದು, ಇವು ಉದ್ಯೋಗದಿಂದ ಬಂದ ಹಿಂಸೆಗಳಲ್ಲ. ಅವುಗಳಿಂದ ಬೆಳೆಗೆ ಪ್ರಯೋಜನವಿಲ್ಲ. ಆದುದರಿಂದಲೇ ಅವು ಅನರ್ಥ. ವಿಜಯನಗರದ ಅರಸರ ಕಾಲದಿಂದ ಹರಿದು ಬಂದಿರುವ ತುರ್ತು ಕಾಲುವೆಯ ನೀರು ಒಬ್ಬನ ಗದ್ದೆಯಲ್ಲಿ ನಿಲ್ಲುವುದಿಲ್ಲ. ಕೆಳಗಿನ ಗದ್ದೆಗೂ ಹೋಗುತ್ತದೆ, ಯಾವುದೋ ಮನೆಯ ಬಸುರಿಯ ಕೊಡಕ್ಕೂ ಹೋದೀತು.

ಇನ್ನು ಉಪವಾಸದ ವಿಚಾರ. ತೀರ್ಥಂಕರತ್ವಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತಪಸ್ಸು ಒಂದು. ಆದರೆ ಸೂತ್ರವು ತಪಸ್ಸನ್ನು ಬರಿದೇ ಹೇಳದೆ, ಶಕ್ತಿಯನ್ನನುಸರಿಸಿ ಎಂಬ ವಿಶೇಷಣದೊಡನೆ ಹೇಳಿದೆ. ಬಸುರಿಯ ಶಕ್ತಿಯು ಅವಳೊಬ್ಬಳದಲ್ಲ. ಅದರಲ್ಲಿ ಇನ್ನೊಂದು ಜೀವದ ಪಾಲಿದೆ. 1944-45ರ ಚಳಿಗಾಲದಲ್ಲಿ ಯುದ್ಧದ ಮುತ್ತಿಗೆಯಿಂದ ಹಾಲೆಂಡಿನಲ್ಲಿ ಘೋರ ಕ್ಷಾಮ ಬಂದಾಗ, ದಿನಕ್ಕೆ ಸಾವಿರ ಕ್ಯಾಲೊರಿಗೂ ಕಡಮೆ ಆಹಾರದಲ್ಲಿ ಬಸುರಾದ ತಾಯಂದಿರ ಮಕ್ಕಳನ್ನು ಸುಮಾರು ಅರುವತ್ತು ವರ್ಷಗಳ ಮೇಲೆ ಪರೀಕ್ಷಿಸಲಾಯಿತು. ಬೆಳವಣಿಗೆಗೆ ಸಂಬಂಧಿಸಿದ ಒಂದು ವಂಶವಾಹಿಯ ಮೇಲಿನ ಗುರುತುಗಳು ಅವರಲ್ಲಿ ಆಗಲೂ ಕಡಮೆಯಿದ್ದುವೆಂದು 2008ರಲ್ಲಿ ತಿಳಿದುಬಂದಿತು. ಕ್ಷಾಮವೂ ವ್ರತದ ಉಪವಾಸವೂ ಒಂದೇ ಅಲ್ಲ. ಆದರೂ ತಾಯಿಯ ಹಸಿವನ್ನು ಗರ್ಭವು ನೆನಪಿಡುತ್ತದೆಯೆಂಬುದಕ್ಕೆ ಅದು ಸಾಕ್ಷಿ. ಇನ್ನೊಂದು ಸಂಗತಿಯೂ ಇದೆ. ಬೇಗನೆ ನಾಶವಾಗದ ಹಲವು ವಿಷಗಳು ದೇಹದ ಕೊಬ್ಬಿನಲ್ಲಿ ಅಡಗಿರುತ್ತವೆ. ಕೊಬ್ಬು ಕರಗಿದಾಗ ಅವು ಮತ್ತೆ ರಕ್ತಕ್ಕಿಳಿಯುತ್ತವೆ. ಆದುದರಿಂದ ಗರ್ಭಿಣಿಯು ದೀರ್ಘ ಉಪವಾಸವನ್ನು ಬಿಡುವುದು ವ್ರತಭಂಗವಲ್ಲ. ಆ ಒಂಬತ್ತು ತಿಂಗಳು ಶುದ್ಧಾಹಾರವೇ ಅವಳ ವ್ರತ. ಜಪ, ಸ್ವಾಧ್ಯಾಯಗಳೇ ಅವಳ ತಪಸ್ಸು. ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಟ್ಟ ಮನೆಗಳಲ್ಲಿ ಹೆಸರು, ಕಡಲೆ, ತೊಗರಿ ಮೊದಲಾದ ಕಾಳುಬೇಳೆಗಳನ್ನು ಅವಳಿಗೆ ಸಮೃದ್ಧವಾಗಿ ಬಡಿಸಬೇಕು; ವೈದ್ಯರು ಕೊಡುವ ಫೋಲಿಕ್ ಆಮ್ಲದ ಗುಳಿಗೆಯನ್ನು ತಪ್ಪಿಸಬಾರದು.

ಉಪವಾಸವನ್ನು ಬಿಟ್ಟವಳು ಅವಳಾದರೆ, ಹೊಸ ನಿಯಮವನ್ನು ಹಿಡಿಯಬೇಕಾದವರು ಉಳಿದವರು. ಪ್ರೀತಿಕ್ರಿಯೆಯ ದಿನ, ಜಿನಬಿಂಬದ ಮುಂದೆ ಮನೆಯ ಗಂಡಸು ಇಷ್ಟನ್ನು ಸಂಕಲ್ಪಿಸಲಿ: ಶಿಶುವು ಹುಟ್ಟಿ ಎದೆಹಾಲು ಬಿಡುವ ತನಕ ವಿಷದ ಡಬ್ಬಿಯನ್ನು ಮನೆಯೊಳಗೆ ತಾರೆನು, ಸಿಂಪಡಿಸಲೇಬೇಕಾಗಿ ಬಂದರೆ ಗದ್ದೆಯ ಬಳಿಯೇ ಮಿಂದು ಬಟ್ಟೆ ಬದಲಿಸುವೆನು, ಆ ಬಟ್ಟೆಯನ್ನು ಬೇರೆಯಾಗಿ ನಾನೇ ಒಗೆಯುವೆನು, ಖಾಲಿ ಡಬ್ಬಿಯನ್ನು ತೂತುಮಾಡಿ ನಿರುಪಯೋಗಿಯಾಗಿಸುವೆನು. ಅತ್ತೆಯು ಬಿಸಿ ಸಾರನ್ನೂ ಹಾಲನ್ನೂ ಪ್ಲಾಸ್ಟಿಕ್ಕಿಗೆ ಸುರಿಯದೆ, ಮೂಲೆಗೆ ಸೇರಿದ ಸ್ಟೀಲು, ಹಿತ್ತಾಳೆಯ ಕಲಾಯಿ ಪಾತ್ರೆ, ಗಾಜು, ಮಣ್ಣುಗಳನ್ನು ಮತ್ತೆ ಬಳಕೆಗೆ ತರಲಿ. ಹಣ್ಣು ತರಕಾರಿಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಲಿ. ಹೊಸಪೇಟೆ, ಸಂಡೂರುಗಳಲ್ಲಿ ಅಂಗಡಿಯಿಟ್ಟವರು ಬಸುರಿಯಾದ ಸೊಸೆಯನ್ನೋ ಕೆಲಸದವಳನ್ನೋ ರಸೀದಿ ಯಂತ್ರದ ಮುಂದೆ ದಿನವೆಲ್ಲ ಕೂರಿಸದಿರಲಿ. ಕೀಟನಾಶಕವನ್ನು ಮಾರುವ ಶ್ರಾವಕನಿದ್ದರೆ ಅವನ ಹೊಣೆಯು ಎಲ್ಲರಿಗಿಂತ ಹೆಚ್ಚು. ಆ ವ್ಯಾಪಾರವನ್ನು ಬಿಡಲು ಶಕ್ತಿ ಬರುವ ತನಕ, ಕೇಳಿದ್ದಕ್ಕಿಂತ ಹೆಚ್ಚು ಮಾರುವ ಪಾಪೋಪದೇಶವನ್ನಾದರೂ ಅವನು ಇಂದೇ ಬಿಡಬಹುದು.

ಇವುಗಳನ್ನು ಪಾಲಿಸಿದ ಮಾತ್ರಕ್ಕೆ ಎಲ್ಲ ಶಿಶುಗಳೂ ನಿರ್ದೋಷವಾಗಿ ಹುಟ್ಟುತ್ತವೆಯೆಂದು ಯಾರೂ ಹೇಳಲಾರರು. ಗಾಳಿ ನೀರುಗಳಲ್ಲಿ ಬೆರೆತದ್ದೆಲ್ಲ ಒಂದು ಮನೆಯ ಕೈಯಲ್ಲಿಲ್ಲ. ಪಾಲಿಸಿಯೂ ದುಃಖವು ಬಂದರೆ ಅದು ತಾಯಿಯ ತಪ್ಪೆಂದು ಭಾವಿಸಬಾರದು. ವ್ರತವು ಫಲದ ಭರವಸೆಯಲ್ಲ. ತಾನು ನಿಮಿತ್ತನಾಗಲಾರೆನೆಂಬ ನಿಶ್ಚಯ.

ಮತ್ತೆ ಕಂಪ್ಲಿಯ ಆ ಮನೆಗೆ ಬರೋಣ. ಸೊಸೆಯ ಪಾಲಿನ ಹತ್ತು ಉಪವಾಸಗಳನ್ನು ಗಂಡನು ತಾನೇ ಮಾಡಬಯಸಿದರೆ ಮಾಡಲಿ; ಅದು ಅವನ ಆತ್ಮಕ್ಕೆ ಹಿತ. ಆದರೆ ಒಬ್ಬನ ತಪಸ್ಸಿನ ನಿರ್ಜರೆಯು ಇನ್ನೊಬ್ಬರಿಗೆ ವರ್ಗವಾಗುವುದಿಲ್ಲವೆಂಬುದು ಸಿದ್ಧಾಂತ. ಅವನು ವಿಷವನ್ನು ಹೊಸ್ತಿಲಿನ ಹೊರಗೆ ನಿಲ್ಲಿಸಿದರೆ ಮಾತ್ರ, ಆ ತ್ಯಾಗದ ಫಲವು ಅದೇ ದಿನ ಗರ್ಭವನ್ನು ಮುಟ್ಟುತ್ತದೆ. ಗೃಹಸ್ಥನ ವ್ರತಗಳಲ್ಲಿ ಇಷ್ಟು ನೇರವಾಗಿ ಇನ್ನೊಂದು ಜೀವಕ್ಕೆ ಸಲ್ಲುವ ಅಭಯದಾನವು ಬೇರೆ ಇರಲಾರದು. ಅತಿ ಸಣ್ಣ ಜೀವಿಯ ಹೆಸರನ್ನು ಹೊತ್ತ ಕುಂಥುನಾಥ ಸ್ವಾಮಿಯ ಸನ್ನಿಧಿಯಲ್ಲಿ, ಕಮಲಾಪುರದ ಆ ಹಳೆಯ ಬಸದಿಯನ್ನು ನೆನೆದು, ಪ್ರತಿಯೊಂದು ಶ್ರಾವಕ ಕುಟುಂಬವೂ ಈ ಅಭಯವನ್ನು ತನ್ನ ಮುಂದಿನ ಪೀಳಿಗೆಗೆ ಕೊಡಲಿ. ಮಂಗಲಮಸ್ತು.